ಪೂಲ್ ಮಿತಿಗಳು ಎಪಿಐನಿಂದ ತಪ್ಪಾಗಿ ಬಂದರೆ: ದೋಷ ಹುಡುಕುವ ಕ್ರಮ

ಸಂಜೆ ಪಾಳಿಗೆ ಬರುವ ದೂರು ಸಾಮಾನ್ಯವಾಗಿ ಒಂದೇ ಸಾಲಿನದು: ‘ಲಿಮಿಟ್ ಬರ್ತಾ ಇಲ್ಲ.’ ಪೂಲ್ (ಎಲ್ಲರ ಬಾಜಿ ಹಣ ಸೇರುವ ಗಂಟು) ನಡೆಸುವವರು ಇಟ್ಟ ಮಿತಿಗಳನ್ನು ನಮ್ಮ ಪ್ರೋಗ್ರಾಂ ಅವರ ಎಪಿಐನಿಂದ, ಅಂದರೆ ಪ್ರೋಗ್ರಾಂಗಳು ಮಾಹಿತಿ ಕೇಳಿ ಪಡೆಯುವ ಬಾಗಿಲಿನಿಂದ, ತರುತ್ತದೆ. ಹಾಗಾಗಿ ಈ ಸಾಲಿಗೆ ಮೂರು ಅರ್ಥಗಳಿವೆ. ಮಿತಿ ಬಂದೇ ಇಲ್ಲ. ಬಂದಿದೆ, ಆದರೆ ಹಳೆಯದು. ಹೊಸದೇ ಬಂದಿದೆ, ಆದರೆ ನಮ್ಮ ಪ್ರೋಗ್ರಾಂ ಅದನ್ನು ತಪ್ಪಾಗಿ ಓದಿದೆ. ಮೊದಲನೆಯದು ಕೆಂಪು ಅಕ್ಷರದಲ್ಲಿ ಎದ್ದು ಕಾಣುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಉಳಿದೆರಡರಲ್ಲಿ ಸರ್ವರ್ 200 (ಎಲ್ಲ ಸರಿ) ಅಂತಲೇ ಉತ್ತರ ಕೊಟ್ಟಿರುತ್ತದೆ, ಲಾಗ್‌ನಲ್ಲಿ ಎಲ್ಲ ಹಸಿರಾಗಿರುತ್ತದೆ, ಡಿವಿಡೆಂಡ್ (ಗೆದ್ದ ಬಾಜಿಯ ಒಂದು ಪೌಂಡಿಗೆ ಸಿಗುವ ಹಣ) ಮಾತ್ರ ತಪ್ಪಿರುತ್ತದೆ. ಈ ಕೈಪಿಡಿಯ ಹೆಚ್ಚಿನ ಭಾಗ ಆ ಎರಡಕ್ಕೆ.

ದಾವಣಗೆರೆಯಲ್ಲಿ ಕೂತು ಬ್ರಿಟನ್ನಿನ ಕುದುರೆ ರೇಸ್ ಪೂಲ್‌ಗಳ ಪರದೆ ನೋಡಿಕೊಳ್ಳುವವರಿಗೆ ಇದನ್ನು ಬರೆದಿದೆ. ನಮ್ಮ ಕಡೆಯಿಂದ ಆಗುವುದು ಸೆಟ್ಟಿಂಗ್ ಓದುವ ಕೆಲಸ ಮಾತ್ರ. ಟೋಕನ್‌ಗೆ (ಎಪಿಐಗೆ ನಮ್ಮ ಗುರುತು ತೋರಿಸುವ ಗುಪ್ತ ಸಂಕೇತ) ಓದುವ ಅನುಮತಿಗಿಂತ ಹೆಚ್ಚಿನದು ಇದ್ದರೆ ಅದನ್ನು ಮೊದಲು ತೆಗೆಸಿ. ಪರೀಕ್ಷೆಗೆಂದು ನಿಜವಾದ ಖಾತೆಯಿಂದ ಬಾಜಿ ಹಾಕಿ ನೋಡುವ ಯೋಚನೆಯನ್ನಂತೂ ಮಾಡಬೇಡಿ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅದಿಲ್ಲದಿದ್ದರೂ, ಮಿತಿ ಸರಿಯೋ ತಪ್ಪೋ ಎಂದು ತಿಳಿಯಲು ಬಾಜಿ ಬೇಕಾಗಿಲ್ಲ.

ಯಾವ ಮಿತಿ ತಪ್ಪಿದರೆ ಏನಾಗುತ್ತದೆ

ಪೂಲ್ ಲೆಕ್ಕ ಚೀಟಿ ಕಟ್ಟಿದವರಿಗೆ ಬೇಗ ಹತ್ತುತ್ತದೆ. ಎಲ್ಲರ ಹಣವೂ ಒಂದೇ ಗಂಟಿಗೆ ಬೀಳುತ್ತದೆ, ನಡೆಸುವವರು ತಮ್ಮ ಪಾಲು ಕಡಿದುಕೊಳ್ಳುತ್ತಾರೆ, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಬ್ರಿಟನ್ನಿನಲ್ಲಿ ಟೋಟ್ (ಇಂಥ ಪೂಲ್ ನಡೆಸುವ ವ್ಯವಸ್ಥೆ) ಶುರುವಾದ 1929ರಿಂದ ಈ ಲೆಕ್ಕದ ತಿರುಳು ಬದಲಾಗಿಲ್ಲ. ಬದಲಾಗುತ್ತಿರುವುದು ಅದರ ಸುತ್ತಲಿನ ಸೆಟ್ಟಿಂಗ್‌ಗಳು: ಕನಿಷ್ಠ ಬಾಜಿ, ಪೂಲ್ ನಡೆಯಲು ಬೇಕಾದ ಕನಿಷ್ಠ ಮೊತ್ತ, ಕಡಿತದ ಪ್ರಮಾಣ, ಡಿವಿಡೆಂಡನ್ನು ಕೆಳಕ್ಕೆ ಇಳಿಸುವ ಹಂತ, ಕನಿಷ್ಠ ಡಿವಿಡೆಂಡ್, ಒಬ್ಬರಿಂದಲೇ ದೊಡ್ಡ ಮೊತ್ತ ಬಂದಾಗ ಎಚ್ಚರಿಸುವ ಮಿತಿ.

ಒಂದು ಲೆಕ್ಕ ಮಾಡಿ ನೋಡಿ. ವಿನ್ ಪೂಲ್‌ನಲ್ಲಿ (ಗೆಲ್ಲುವ ಕುದುರೆಯ ಮೇಲಿನ ಬಾಜಿಗಳ ಪೂಲ್) 10,000 ಪೌಂಡ್, ಕಡಿತ ಶೇ 20 ಅಂದುಕೊಳ್ಳಿ. ಹಂಚಲು ಉಳಿಯುವುದು 8,000. ಗೆದ್ದ ಕುದುರೆಯ ಮೇಲೆ 2,165 ಪೌಂಡ್ ಇದ್ದರೆ ಒಂದು ಪೌಂಡಿಗೆ 3.695 ಬರುತ್ತದೆ. ಇಳಿಸುವ ಹಂತ 10 ಪೆನ್ಸ್ ಆಗಿದ್ದರೆ ಡಿವಿಡೆಂಡ್ 3.60, ಅದೇ 1 ಪೆನ್ನಿ ಎಂದು ಓದಿಕೊಂಡರೆ 3.69. ಒಂಬತ್ತು ಪೆನ್ಸ್ ತಾನೇ ಅನ್ನಬೇಡಿ, 2,165 ಪೌಂಡಿನ ಮೇಲೆ ಅದು 194.85 ಪೌಂಡ್ ಆಗುತ್ತದೆ, ಅದೂ ಒಂದೇ ರೇಸಿನಲ್ಲಿ. ದೂರು ಬಂದಾಗ ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ. ಎಷ್ಟು ತಪ್ಪಿದೆ ಎಂಬ ಅಂಕಿಯೇ ಎಷ್ಟೋ ಸಲ ಯಾವ ಸೆಟ್ಟಿಂಗ್ ತಪ್ಪಿದೆ ಎಂಬುದನ್ನೂ ಹೇಳಿಬಿಡುತ್ತದೆ.

ಮೊದಲು ಹಸಿ ಉತ್ತರ ನೋಡಿ

ಪರದೆ ತೋರಿಸುವುದು ನಾಲ್ಕಾರು ಕೈ ದಾಟಿ ಬಂದ ಅಂಕಿ. ಎಪಿಐ ಏನು ಕೊಟ್ಟಿತು ಎಂಬುದನ್ನು ಕಣ್ಣಾರೆ ನೋಡುವವರೆಗೆ ಕೋಡ್ ಮುಟ್ಟಬೇಡಿ, ಸರ್ವೀಸ್ ರೀಸ್ಟಾರ್ಟ್ ಕೂಡ ಮಾಡಬೇಡಿ. ರೀಸ್ಟಾರ್ಟ್ ಮಾಡಿದ ಕೂಡಲೇ ಮೆಮೊರಿಯಲ್ಲಿದ್ದ ಹಳೆಯ ಪ್ರತಿ ಅಳಿಸಿಹೋಗುತ್ತದೆ, ಅದರ ಜೊತೆ ಸಾಕ್ಷಿಯೂ.

ಪ್ರೋಗ್ರಾಂ ಓಡುತ್ತಿರುವ ಸರ್ವರ್‌ಗೇ ಲಾಗಿನ್ ಆಗಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ನೋಡಿದರೆ ಐಪಿ ಬೇರೆ, ಪ್ರಾಕ್ಸಿ ಬೇರೆ, ಕೆಲವೊಮ್ಮೆ ಉತ್ತರವೂ ಬೇರೆ. ಅಲ್ಲಿ ಕರ್ಲ್‌ಗೆ (ಕಮಾಂಡ್ ಸಾಲಿನಿಂದ ವೆಬ್ ವಿಳಾಸ ಕರೆಯುವ ಸಾಧನ) ಮೈನಸ್ ಐ (ಸಣ್ಣ ಅಕ್ಷರದ ಐ) ಕೊಟ್ಟು, ಹೆಡರ್‌ಗಳ ಸಮೇತ ಉತ್ತರವನ್ನು ಫೈಲಿಗೆ ಇಳಿಸಿ. ಮೊದಲು ಆ ಪೂಲ್ ಒಂದನ್ನೇ ಕೇಳಿ, ಆಮೇಲೆ ಅದೇ ದಿನದ ಎಲ್ಲ ಪೂಲ್‌ಗಳ ಪಟ್ಟಿ ಕೇಳಿ. ಎರಡರಲ್ಲೂ ಒಂದೇ ಅಂಕಿ ಇದೆಯೇ ನೋಡಿ. ಹೆಡರ್‌ಗಳಲ್ಲಿ ಬರೆದಿಟ್ಟುಕೊಳ್ಳಬೇಕಾದವು ಸ್ಟೇಟಸ್ ಸಂಖ್ಯೆ, ಡೇಟ್, ಏಜ್, ಇ-ಟ್ಯಾಗ್, ಕಂಟೆಂಟ್-ಟೈಪ್ ಮತ್ತು ರಿಕ್ವೆಸ್ಟ್ ಐಡಿ. ಕಂಟೆಂಟ್-ಟೈಪ್‌ನಲ್ಲಿ ಜೇಸನ್ (ಎಪಿಐ ಮಾಹಿತಿ ಬರುವ ರೂಪ) ಬದಲು ಎಚ್‌ಟಿಎಂಎಲ್ ಎಂದಿದ್ದರೆ ನಿಮಗೆ ಬಂದಿರುವುದು ಮಿತಿಯಲ್ಲ, ಯಾವುದೋ ಲಾಗಿನ್ ಪುಟ.

ಆ ಫೈಲನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮೊದಲು ಟೋಕನ್ ಅಳಿಸಿ. ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಬಾಗಿಲಲ್ಲೇ ನಿಂತುಹೋದರೆ

401 (ಗುರುತು ಒಪ್ಪಿಲ್ಲ) ಬಂದರೆ ಟೋಕನ್ ಅವಧಿ ಮುಗಿದಿದೆ ಎಂದು ಹೊಸದು ತರಿಸುವುದು ರೂಢಿ. ಹೊಸ ಟೋಕನ್‌ಗೂ 401 ಬಂದರೆ ಸರ್ವರ್‌ನ ಗಡಿಯಾರ ನೋಡಿ. ಟೋಕನ್ ಒಳಗೆ ‘ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ’ ಎಂದು ಬರೆದಿರುತ್ತದೆ; ಎರಡು ಕಡೆಯ ಗಡಿಯಾರಗಳ ನಡುವೆ ಒಂದೆರಡು ನಿಮಿಷ ವ್ಯತ್ಯಾಸ ಬಂದರೂ ಬಹಳಷ್ಟು ಸರ್ವರ್‌ಗಳು ತಿರಸ್ಕರಿಸುತ್ತವೆ. ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾಗಿ, ಹಳೆಯ ಯಂತ್ರ ಮತ್ತೆ ಎದ್ದಾಗ ಈ ತೊಂದರೆ ಬರುತ್ತದೆ. ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ 3 ವೋಲ್ಟಿನದು. ಮೀಟರ್ ಇಟ್ಟಾಗ 2.5ರ ಆಸುಪಾಸು ತೋರಿಸಿದರೆ ಬದಲಿಸಿ. ದಿನಾಂಕ ತೀರಾ ಹಿಂದೆ ಹೋಗಿದ್ದರೆ 401ರವರೆಗೂ ತಲುಪುವುದಿಲ್ಲ, ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ದೂರು ಮೊದಲು ಬರುತ್ತದೆ. ಗಡಿಯಾರವನ್ನು ಕೈಯಿಂದ ತಿದ್ದಿ ಸುಮ್ಮನಾಗಬೇಡಿ. ಎನ್‌ಟಿಪಿ (ಗಡಿಯಾರವನ್ನು ನೆಟ್‌ವರ್ಕ್‌ನಿಂದ ಸರಿಹೊಂದಿಸುವ ವ್ಯವಸ್ಥೆ) ಓಡುತ್ತಿದೆಯೇ, ರೂಟರ್‌ನಲ್ಲಿ ಯುಡಿಪಿ 123ನೇ ಪೋರ್ಟ್ ಮುಚ್ಚಿದೆಯೇ ನೋಡಿ.

ಟೋಕನ್ ಸರಿ, ಗಡಿಯಾರ ಸರಿ, ಆದರೂ 401 ಅಂದರೆ ಮಧ್ಯದಲ್ಲಿ 301 ಅಥವಾ 302 ಇದೆಯೇ ನೋಡಿ. ವಿಳಾಸ ಬದಲಾಗಿ ಬೇರೆ ಹೋಸ್ಟ್‌ಗೆ ತಿರುಗಿಸಿದಾಗ ಕರ್ಲ್ ಸುರಕ್ಷತೆಗಾಗಿ ಆಥರೈಸೇಶನ್ ಹೆಡರನ್ನು ಅಲ್ಲೇ ಬಿಟ್ಟು ಹೋಗುತ್ತದೆ, ಬೇರೆ ಎಷ್ಟೋ ಲೈಬ್ರರಿಗಳೂ ಹಾಗೇ ಮಾಡುತ್ತವೆ. ಹೊಸ ವಿಳಾಸಕ್ಕೆ ಟೋಕನ್ ಇಲ್ಲದ ಬೇಡಿಕೆ ಹೋಗುತ್ತದೆ. ಟೋಕನ್ ಎಲ್ಲೆಡೆ ಹೋಗುವಂತೆ ಸೆಟ್ಟಿಂಗ್ ಸಡಿಲಿಸಬೇಡಿ, ಕಾನ್ಫಿಗ್ ಫೈಲಿನಲ್ಲಿ ಕೊನೆಯ ವಿಳಾಸವನ್ನೇ ನೇರವಾಗಿ ಬರೆಯಿರಿ.

403ರಲ್ಲಿ (ಪ್ರವೇಶವಿಲ್ಲ) ನಮ್ಮೂರಿನ ಕಚೇರಿಗಳಿಗೆ ಹೆಚ್ಚಾಗಿ ತಗಲುವುದು ಐಪಿ ಪಟ್ಟಿಯ ಸಮಸ್ಯೆ. ಅತ್ತ ಕಡೆಯವರು, ಅಂದರೆ ಎಪಿಐ ನಡೆಸುವವರು, ಇಂಥ ಐಪಿಗಳಿಗೆ ಮಾತ್ರ ಪ್ರವೇಶ ಎಂದು ಪಟ್ಟಿ ಮಾಡಿರುತ್ತಾರೆ. ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ಐಪಿ ತೆಗೆದುಕೊಳ್ಳದಿದ್ದರೆ ರೂಟರ್ ಆಫ್ ಆಗಿ ಆನ್ ಆದಾಗ ಐಪಿ ಬದಲಾಗುತ್ತದೆ. ಕೇಬಲ್ ಕಡಿದ ದಿನ ಯಾರೋ ಮೊಬೈಲ್ ಹಾಟ್‌ಸ್ಪಾಟ್ ಹಾಕುತ್ತಾರೆ, ಅಲ್ಲಿ ಸಾವಿರಾರು ಜನ ಒಂದೇ ಸಾರ್ವಜನಿಕ ಐಪಿಯ ಹಿಂದಿರುತ್ತಾರೆ, ಅದನ್ನು ಪಟ್ಟಿಗೆ ಸೇರಿಸಿ ಎಂದು ಕೇಳುವುದೇ ತಪ್ಪು. ಪರಿಹಾರ ಸ್ಥಿರ ಐಪಿ, ಅಥವಾ ಸ್ಥಿರ ಐಪಿ ಇರುವ ಸರ್ವರ್ ಮೂಲಕ ವಿಪಿಎನ್.

404 (ಸಿಗಲಿಲ್ಲ) ಬಂದಾಗ ಪೂಲ್ ಐಡಿ ಪರೀಕ್ಷಾ ಪರಿಸರದ್ದೋ ನಿಜದ್ದೋ ನೋಡಿ. ನೋಡುವ ಹಕ್ಕಿಲ್ಲದ ಪೂಲ್‌ಗೂ ಕೆಲವು ಎಪಿಐಗಳು 403 ಬದಲು 404 ಕೊಡುತ್ತವೆ, ಪೂಲ್ ಇರುವುದೂ ಗೊತ್ತಾಗದಿರಲಿ ಎಂದು. ಆ ದಿನದ ಪೂಲ್ ಇನ್ನೂ ತೆರೆದಿಲ್ಲದಿದ್ದರೂ ಅದೇ ಉತ್ತರ.

429 ಅಂದರೆ ನಾವೇ ಹೆಚ್ಚು ಸಲ ಬಾಗಿಲು ಬಡಿಯುತ್ತಿದ್ದೇವೆ. ಆರು ಪರದೆಗಳು ಸೆಕೆಂಡಿಗೊಮ್ಮೆ ಕೇಳಿದರೆ ಗಂಟೆಗೆ 21,600 ಬೇಡಿಕೆ. ದಿನಕ್ಕೆ ಬೆರಳೆಣಿಕೆಯಷ್ಟು ಸಲ ಬದಲಾಗುವ ಸೆಟ್ಟಿಂಗ್‌ಗೆ ಇದು ಅತಿಯಾಯಿತು. ಒಂದೇ ಪ್ರೋಗ್ರಾಂ 60 ಸೆಕೆಂಡಿಗೊಮ್ಮೆ ತರಲಿ, ಪರದೆಗಳೆಲ್ಲ ಅದರಿಂದ ಓದಲಿ. ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಿರಿ.

ಬದಲಾಗಿಲ್ಲ ಎಂಬ ಉತ್ತರವನ್ನು ಖಾಲಿ ಎಂದು ಓದಿದರೆ

ಪದೇಪದೇ ಪೂರ್ತಿ ಉತ್ತರ ತರುವುದು ಬೇಡವೆಂದು ಇ-ಟ್ಯಾಗ್ ಬಳಸುತ್ತೇವೆ. ಹಿಂದಿನ ಉತ್ತರದ ಗುರುತನ್ನು ಕೊಟ್ಟು ‘ಇದಾದ ಮೇಲೆ ಏನಾದರೂ ಬದಲಾಯಿತೇ’ ಎಂದು ಕೇಳುವುದು. ಬದಲಾಗಿಲ್ಲದಿದ್ದರೆ ಸರ್ವರ್ 304 ಎನ್ನುತ್ತದೆ, ಒಳಗೆ ಏನನ್ನೂ ಕಳಿಸುವುದಿಲ್ಲ. ಕಳಿಸಬಾರದು ಎಂಬುದೇ ನಿಯಮ.

ಪ್ರೋಗ್ರಾಂ ಬರೆದವರು ಇದನ್ನು ನಿರೀಕ್ಷಿಸದಿದ್ದರೆ ಹೀಗಾಗುತ್ತದೆ. ಮೊದಲ ಸಲ 200, ಮಿತಿ ಸರಿ. ಒಂದು ನಿಮಿಷ ಬಿಟ್ಟು 304, ಒಳಗೆ ಖಾಲಿ. ಖಾಲಿಯನ್ನು ಜೇಸನ್ ಎಂದು ಓದಲು ಹೋಗಿ ಸೋಲುತ್ತದೆ, ಸೋಲನ್ನು ಯಾರೋ ‘ಡೀಫಾಲ್ಟ್ ಹಾಕು’ ಎಂದು ಮುಚ್ಚಿಟ್ಟಿರುತ್ತಾರೆ, ಪರದೆ ಮೇಲೆ ಡೀಫಾಲ್ಟ್ ಬಂದು ಕೂರುತ್ತದೆ. ಅತ್ತ ಯಾರಾದರೂ ಸೆಟ್ಟಿಂಗ್ ಬದಲಿಸಿದರೆ ಮತ್ತೆ 200, ಮತ್ತೆ ಒಂದು ನಿಮಿಷ ಸರಿ. ದೂರು ಕೊಟ್ಟವರು ‘ಬದಲಿಸಿದ ಕೂಡಲೇ ಸರಿಯಿರುತ್ತೆ, ಆಮೇಲೆ ತಾನೇ ಹಳೇದಕ್ಕೆ ಹೋಗುತ್ತೆ’ ಎಂದರೆ ಇನ್ನೇನನ್ನೂ ಹುಡುಕಬೇಡಿ, ಇದೇ. 304 ಬಂದರೆ ಕೈಯಲ್ಲಿರುವ ಪ್ರತಿಯನ್ನೇ ಉಳಿಸಿಕೊಳ್ಳಬೇಕು. 502, 504 (ನಡುವಿನ ಸರ್ವರ್‌ಗೆ ಸರಿಯಾದ ಉತ್ತರ ಸಿಗಲಿಲ್ಲ) ಬಂದಾಗಲೂ ಅಷ್ಟೇ: ಕೊನೆಯ ಸರಿಯಾದ ಮಿತಿಯನ್ನು ಇಟ್ಟುಕೊಂಡು, ಅದು ಎಷ್ಟು ಹೊತ್ತಿನ ಹಿಂದಿನದು ಎಂದು ಪರದೆಯಲ್ಲಿ ತೋರಿಸಬೇಕು. ಸೋತಾಗ ಸೊನ್ನೆ ಹಾಕುವ ಕೋಡ್ ಕಂಡರೆ ಅದನ್ನೇ ದೋಷ ಎಂದು ಬರೆದುಕೊಳ್ಳಿ, ಇವತ್ತಿನ ದೂರಿಗೆ ಅದು ಕಾರಣವಲ್ಲದಿದ್ದರೂ.

ಸರ್ವರ್ ಮತ್ತು ನಮ್ಮ ನಡುವಿನ ಕ್ಯಾಶ್ (ನಗದಲ್ಲ, ಮಧ್ಯದಲ್ಲಿ ಇಟ್ಟುಕೊಂಡ ಪ್ರತಿ) ಹಳೆಯದನ್ನೇ ಕೊಡುತ್ತಿದ್ದರೆ ಏಜ್ ಹೆಡರ್ ತಿಳಿಸುತ್ತದೆ. ಅದು ಸೆಕೆಂಡುಗಳಲ್ಲಿರುತ್ತದೆ, 3,540 ಎಂದಿದ್ದರೆ 59 ನಿಮಿಷ ಹಳೆಯದು. ಇದನ್ನು ಅತ್ತ ಕಡೆಯವರೇ ತಿದ್ದಬೇಕು, ಏಜ್ ಸಮೇತ ಉತ್ತರವನ್ನು ಅವರಿಗೆ ಕಳಿಸಿ.

200 ಬಂದೂ ತಪ್ಪಿದ್ದರೆ

ಮಿತಿಗಳು ಒಂದೇ ಕಡೆ ಇರುವುದಿಲ್ಲ. ಇಡೀ ವ್ಯವಸ್ಥೆಗೆ ಒಂದು, ರೇಸ್‌ಕೋರ್ಸಿಗೆ ಒಂದು, ಆ ದಿನಕ್ಕೆ ಒಂದು, ಪೂಲ್ ಬಗೆಗೆ ಒಂದು, ಕೊನೆಗೆ ಆ ಒಂದೇ ರೇಸಿಗೆ ಒಂದು. ಕೆಳಗಿನದು ಮೇಲಿನದನ್ನು ಮೀರುತ್ತದೆ. ಕೆಲವು ಎಪಿಐಗಳು ಎಲ್ಲವನ್ನೂ ಸೇರಿಸಿ ಅಂತಿಮ ಅಂಕಿ ಕೊಡುತ್ತವೆ, ಕೆಲವು ಆ ಹಂತದಲ್ಲಿ ಬರೆದಿರುವುದನ್ನಷ್ಟೇ ಕೊಡುತ್ತವೆ. ನೀವು ಕರೆಯುತ್ತಿರುವುದು ಯಾವ ಬಗೆಯದು ಎಂದು ದಾಖಲೆಯಲ್ಲಿ ನೋಡಿಕೊಳ್ಳಿ. ಎರಡನೆಯ ಬಗೆಯಲ್ಲಿ ‘ನಲ್’ (ಇಲ್ಲಿ ಏನೂ ಬರೆದಿಲ್ಲ) ಬಂದರೆ ಮಿತಿ ಇಲ್ಲ ಎಂದಲ್ಲ, ಮೇಲಿನ ಹಂತದಲ್ಲಿ ನೋಡು ಎಂದು. ಸೊನ್ನೆ ಬಂದರೆ ಅರ್ಥ ಬೇರೆ: ಈ ಹಂತದಲ್ಲಿ ಯಾರೋ ಬೇಕೆಂದೇ ಸೊನ್ನೆ ಬರೆದಿದ್ದಾರೆ. ಕೀಯೇ (ಉತ್ತರದಲ್ಲಿ ಆ ಮಿತಿಯ ಹೆಸರು) ಇಲ್ಲದಿದ್ದರೆ ಹೆಸರು ಬದಲಾಗಿರಬಹುದು, ಎಪಿಐ ಆವೃತ್ತಿ ನೋಡಿ.

ಪ್ರೋಗ್ರಾಂ ಭಾಷೆ ಈ ಮೂರನ್ನೂ ಒಂದೇ ಮಾಡಿಬಿಡುತ್ತದೆ. ಪೂರ್ಣಾಂಕದ ವೇರಿಯಬಲ್‌ಗೆ ನಲ್ ತುಂಬಿದಾಗ ಗೋ ಭಾಷೆಯಲ್ಲಿ ಸೊನ್ನೆ ಹಾಗೇ ಉಳಿಯುತ್ತದೆ, ದೂರಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ‘ಅಥವಾ’ ಗುರುತಾದ ಎರಡು ನಿಂತ ಗೆರೆ ಹಾಕಿ ಡೀಫಾಲ್ಟ್ ಬರೆದರೆ ಉಲ್ಟಾ ತಪ್ಪು: ಬೇಕೆಂದೇ ಇಟ್ಟ ಸೊನ್ನೆಯೂ ಡೀಫಾಲ್ಟ್ ಆಗುತ್ತದೆ. ಅಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಯ ಆಪರೇಟರ್ ಬಳಸಿ, ಅದು ನಲ್ ಮತ್ತು ಅನ್‌ಡಿಫೈನ್ಡ್‌ಗೆ ಮಾತ್ರ ಡೀಫಾಲ್ಟ್ ಹಾಕುತ್ತದೆ. ಎಚ್ಚರಿಕೆ ಮಿತಿಯಲ್ಲಿ ಸೊನ್ನೆ ಎಂದರೆ ಕೆಲವು ಕಡೆ ‘ಎಚ್ಚರಿಕೆ ಬೇಡ’, ಕೆಲವು ಕಡೆ ‘ಪ್ರತಿ ಬಾಜಿಗೂ ಎಚ್ಚರಿಸು’. ಇದನ್ನು ಊಹಿಸಬೇಡಿ, ಕೇಳಿ.

ಪೆನ್ಸೋ ಪೌಂಡೋ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರ ಕ್ವಿಂಟಲಿಗೋ ಚೀಲಕ್ಕೋ ಎಂದು ಕೇಳದೆ ಯಾರೂ ಮಾತು ಮುಗಿಸುವುದಿಲ್ಲ. ಎಪಿಐ ಅಂಕಿ ಓದುವಾಗ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತದೆ. ಇಳಿಸುವ ಹಂತ ‘10’ ಎಂದು ಬಂದಿದೆ. ಅದು 10 ಪೆನ್ಸ್. ನಮ್ಮ ಪ್ರೋಗ್ರಾಂ ಅದನ್ನು 10 ಪೌಂಡ್ ಎಂದುಕೊಂಡರೆ 3.69ನ್ನು ಹತ್ತರ ಹಂತಕ್ಕೆ ಕೆಳಕ್ಕಿಳಿಸಿ ಸೊನ್ನೆ ಮಾಡುತ್ತದೆ. ಕನಿಷ್ಠ ಡಿವಿಡೆಂಡ್ 1.00 ಎಂಬ ನಿಯಮವಿದ್ದರೆ ಸೊನ್ನೆಯನ್ನು ಎತ್ತಿ ಅಲ್ಲಿಗೆ ನಿಲ್ಲಿಸುತ್ತದೆ. ಪರದೆಯಲ್ಲಿ ಗೆದ್ದ ಫೇವರಿಟ್‌ಗಳಿಗೆಲ್ಲ 1.00, ಎಂದೋ ಒಮ್ಮೆ ಅನಿರೀಕ್ಷಿತ ಕುದುರೆ ಗೆದ್ದಾಗ 10.00 ಅಥವಾ 20.00. ನಡುವಿನ ಅಂಕಿಯೇ ಇಲ್ಲ. ಡಿವಿಡೆಂಡ್‌ಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಹಂತದ ಯೂನಿಟ್ ನೂರು ಪಟ್ಟು ತಪ್ಪಿದೆ.

ಕಡಿತದಲ್ಲೂ ಇದೇ. ಶೇ 20 ಎಂಬುದು 20 ಆಗಿ, 0.20 ಆಗಿ, ಅಥವಾ ಬೇಸಿಸ್ ಪಾಯಿಂಟ್‌ನಲ್ಲಿ 2000 ಆಗಿ ಬರಬಹುದು. 0.20ಯನ್ನು ಶೇಕಡಾ ಎಂದು ಓದಿದರೆ 10,000ದಿಂದ 20 ಪೌಂಡ್ ಮಾತ್ರ ಕಡಿತವಾಗುತ್ತದೆ. ಹಂಚುವ ಮೊತ್ತ ಪೂಲ್‌ಗೆ ಹೆಚ್ಚುಕಡಿಮೆ ಸಮನಾಗಿದ್ದರೆ ಇಲ್ಲಿ ನೋಡಿ.

ಮೊತ್ತವನ್ನು ಸಂಖ್ಯೆಯಾಗಲ್ಲದೆ ಪಠ್ಯವಾಗಿ ಕೊಡುವ ಎಪಿಐನಲ್ಲಿ ಅಲ್ಪವಿರಾಮ ಕಾಡುತ್ತದೆ. ಅವರ ‘100,000’, ನಮ್ಮ ‘1,00,000’. ಕೆಲವು ಓದುವ ಫಂಕ್ಷನ್‌ಗಳು ಮೊದಲ ಅಲ್ಪವಿರಾಮಕ್ಕೇ ನಿಂತು ಅವರದನ್ನು 100 ಎಂದೂ ನಮ್ಮದನ್ನು 1 ಎಂದೂ ಓದುತ್ತವೆ. ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಇಡಬೇಡಿ, 0.1 ಮತ್ತು 0.2 ಕೂಡಿದರೆ ಅಲ್ಲಿ ಸರಿಯಾಗಿ 0.3 ಬರುವುದಿಲ್ಲ, ಕೆಳಕ್ಕಿಳಿಸುವ ಲೆಕ್ಕದಲ್ಲಿ ಆ ಕೂದಲೆಳೆ ಒಂದಿಡೀ ಹಂತವನ್ನೇ ನುಂಗಬಹುದು. ಪೆನ್ಸ್ ಪೂರ್ಣಾಂಕ ಅಥವಾ ಡೆಸಿಮಲ್ ಬಳಸಿ.

ಪಟ್ಟಿಯಲ್ಲಿ ಕೆಲವೇ ಪೂಲ್‌ಗಳು ಡೀಫಾಲ್ಟ್‌ಗೆ ಹೋಗಿವೆಯೇ? ಸರಿ ಬಂದವುಗಳನ್ನು ಎಣಿಸಿ. ಸರಿಯಾಗಿ 50 ಅಥವಾ 100 ಇದ್ದರೆ ಪ್ರೋಗ್ರಾಂ ಮೊದಲ ಪುಟ ಮಾತ್ರ ತಂದಿದೆ. ಮುಂದಿನ ಪುಟದ ಕೊಂಡಿ ಉತ್ತರದಲ್ಲೇ ಇರುತ್ತದೆ. ರೇಸ್ ಕಡಿಮೆಯಿರುವ ದಿನ ಈ ದೋಷ ಕಾಣಿಸಿಕೊಳ್ಳುವುದಿಲ್ಲ, ಶನಿವಾರ ಕಾಣುತ್ತದೆ.

ಹೊತ್ತಿನ ತಪ್ಪು

ಮಿತಿಯ ಜೊತೆ ‘ಯಾವಾಗಿನಿಂದ ಜಾರಿ’ ಎಂಬ ಸಮಯ ಇರುತ್ತದೆ. ಹೊಸ ಮಿತಿ ಎಪಿಐನಲ್ಲಿ ಕಾಣುತ್ತಿದೆ, ಆದರೆ ಲೆಕ್ಕಕ್ಕೆ ಬರುವ ಹೊತ್ತು ತಪ್ಪಿದೆ ಎಂದರೆ ಈ ಸಮಯವನ್ನು ಮೂರು ರೀತಿ ಪರೀಕ್ಷಿಸಿ.

ಬರೀ ಅಂಕಿಯಾಗಿದ್ದರೆ (1970ರ ಆರಂಭದಿಂದ ಕಳೆದ ಹೊತ್ತು) ಎಷ್ಟು ಅಂಕಿಗಳಿವೆ ಎಂದು ಎಣಿಸಿ. 10 ಅಂಕಿ ಇದ್ದರೆ ಸೆಕೆಂಡು, 13 ಇದ್ದರೆ ಮಿಲಿಸೆಕೆಂಡು. ಸೆಕೆಂಡನ್ನು ಮಿಲಿಸೆಕೆಂಡು ಎಂದು ಓದಿದರೆ 2025ರ ಸೆಟ್ಟಿಂಗ್ 1970ರ ಜನವರಿಗೆ ಹೋಗಿ ಬೀಳುತ್ತದೆ, ಆಗ ಮುಂದಿನ ವಾರದ ಮಿತಿಯೂ ಇವತ್ತೇ ಜಾರಿಯಾಗುತ್ತದೆ.

ಅಕ್ಷರದಲ್ಲಿದ್ದರೆ ಕೊನೆಯಲ್ಲಿ ಝಡ್ (ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಅಥವಾ ವಲಯದ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಎಷ್ಟೋ ಲೈಬ್ರರಿಗಳು ಅದನ್ನು ತಾವು ಕೂತಿರುವ ಯಂತ್ರದ ಸಮಯ ಎಂದುಕೊಳ್ಳುತ್ತವೆ. ದಾವಣಗೆರೆಯ ಸರ್ವರ್ ಭಾರತೀಯ ಕಾಲಮಾನದಲ್ಲಿದ್ದರೆ ಯುಟಿಸಿ 12.00ಕ್ಕೆ ಜಾರಿಯಾಗಬೇಕಾದದ್ದು ಐದೂವರೆ ಗಂಟೆ ಮೊದಲೇ ಜಾರಿಯಾಗುತ್ತದೆ.

ಮೂರನೆಯದು ಬ್ರಿಟನ್ನಿನ ಗಡಿಯಾರ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವರು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಬೇಸಿಗೆಯಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಕೋಡ್‌ನಲ್ಲಿ ಯಾರೋ ‘ನಾಲ್ಕೂವರೆ ಕೂಡಿಸು’ ಎಂದು ಬರೆದಿದ್ದರೆ ಏಳು ತಿಂಗಳು ಎಲ್ಲ ಸರಿಯಿದ್ದು, ಅಕ್ಟೋಬರ್ ಕೊನೆಗೆ ಒಂದು ಗಂಟೆಯ ತಪ್ಪು ಶುರುವಾಗುತ್ತದೆ. ಅಂತರವನ್ನು ಕೂಡಿಸಬೇಡಿ, ಯೂರೋಪ್/ಲಂಡನ್ ಎಂಬ ವಲಯದ ಹೆಸರನ್ನೇ ಬಳಸಿ, ಒಳಗೆಲ್ಲ ಯುಟಿಸಿ ಇಡಿ, ಪರದೆಗೆ ಬರುವಾಗ ಮಾತ್ರ ಬದಲಿಸಿ.

ಅತ್ತ ಕಡೆಗೆ ದೂರು ಕಳಿಸುವಾಗ

‘ನಮ್ಮಲ್ಲಿ ಬರ್ತಿಲ್ಲ, ನೋಡಿ’ ಎಂದು ಕಳಿಸಿದರೆ ‘ನಮ್ಮಲ್ಲಿ ಸರಿ ಇದೆ’ ಎಂದು ವಾಪಸ್ ಬರುತ್ತದೆ, ಅಷ್ಟರಲ್ಲಿ ಎರಡು ರೇಸ್ ಮುಗಿದಿರುತ್ತವೆ. ಯುಟಿಸಿ ಸಮಯ, ರಿಕ್ವೆಸ್ಟ್ ಐಡಿ, ಕರೆದ ವಿಳಾಸ, ಟೋಕನ್ ಅಳಿಸಿದ ಹಸಿ ಉತ್ತರ, ನಿರೀಕ್ಷಿಸಿದ ಅಂಕಿ, ಆ ನಿರೀಕ್ಷೆ ಯಾವ ಆಧಾರದ್ದು, ಇವಿಷ್ಟನ್ನೂ ಒಂದೇ ಸಂದೇಶದಲ್ಲಿ ಕಳಿಸಿ. ಉತ್ತರ ಬರುವವರೆಗೆ ಡೇಟಾಬೇಸ್‌ಗೆ ಕೈ ಹಾಕಿ ಅಂಕಿ ತಿದ್ದಬೇಡಿ. ಮುಂದಿನ ಸಲ ಎಪಿಐನಿಂದ ತಂದಾಗ ಅದು ಅಳಿಸಿಹೋಗುತ್ತದೆ, ಅಳಿಸದಿದ್ದರೆ ಇನ್ನೂ ಕೆಟ್ಟದ್ದು: ನಾಳೆ ಅವರು ಬದಲಿಸಿದ್ದು ನಮಗೆ ಕಾಣುವುದೇ ಇಲ್ಲ.

ಸರಿಪಡಿಸಿದ ಮೇಲೆ ಪರೀಕ್ಷಾ ಪರಿಸರದಲ್ಲಿ ಒಂದು ಪೂಲ್‌ನ ಇಳಿಸುವ ಹಂತವನ್ನು 10ರಿಂದ 5ಕ್ಕೆ ಬದಲಿಸಲು ಅತ್ತ ಕಡೆಯವರಿಗೆ ಹೇಳಿ. ಮೇಲಿನ ಲೆಕ್ಕವನ್ನೇ ಕೊಟ್ಟರೆ 3.60 ಇದ್ದದ್ದು 3.65 ಆಗಬೇಕು. ಆದ ಮೇಲೆ ಎದ್ದು ಹೋಗಬೇಡಿ. 304 ಬರುವವರೆಗೆ, ಅಂದರೆ ಕನಿಷ್ಠ ಮೂರು ಸುತ್ತು, ಪರದೆ ಮುಂದೆ ಕೂತು 3.65 ಹಾಗೇ ನಿಂತಿದೆಯೇ ನೋಡಿ. ಮಂಡಕ್ಕಿ ಮೆಣಸಿನಕಾಯಿ ತರಲು ಹೋಗುವುದಿದ್ದರೆ ಆ ಮೂರು ನಿಮಿಷ ಕಳೆದ ಮೇಲೆ ಹೋಗಿ.